ದೂರ ಎಷ್ಟು? ಹೊಣೆ ಎಷ್ಟು?



ನಮ್ಮ ಮನೆಗಳಲ್ಲಿ ಯಾರಾದರೂ ಪರದೇಶಕ್ಕೆ ಹೊರಟರೆಂದರೆ ಕೇಳಿಬರುವ ಮೊದಲ ಪ್ರಶ್ನೆ ಒಂದೇ: "ಎಷ್ಟು ದೂರ? ಎಷ್ಟು ಹೊತ್ತಿನ ದಾರಿ?" ಜುಮಾ ನಮಾಝ್ ಮುಗಿಸಿ ರಾಜಾಜಿನಗರದ ಮಸೀದಿಯ ಮೆಟ್ಟಿಲಿಳಿಯುವಾಗಲೂ, ವಿಜಯನಗರದ ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಇದೇ ಮಾತು. ಉತ್ತರವೂ ಎಲ್ಲರ ನಾಲಿಗೆಯ ತುದಿಯಲ್ಲಿರುತ್ತದೆ. ಬೆಂಗಳೂರಿನಿಂದ ದುಬೈಗೆ ನೇರ ಅಳತೆಯಲ್ಲಿ ಸುಮಾರು 2,700 ಕಿ.ಮೀ., ವಿಮಾನದಲ್ಲಿ 4 ಗಂಟೆ. ಜಿದ್ದಾಕ್ಕೆ ಸುಮಾರು 4,200 ಕಿ.ಮೀ., ಐದೂವರೆ ಗಂಟೆಯ ಆಸುಪಾಸು. 2021ರ ಜನವರಿಯಲ್ಲಂತೂ ಏರ್ ಇಂಡಿಯಾದ ವಿಮಾನವೊಂದು ಅಮೆರಿಕದ ಸಾನ್‌ಫ್ರಾನ್ಸಿಸ್ಕೋದಿಂದ ಹೊರಟು, ನಡುವೆ ಎಲ್ಲೂ ಇಳಿಯದೆ, ಉತ್ತರ ಧ್ರುವದ ಮೇಲಿನಿಂದ ಹಾದು ಬೆಂಗಳೂರಿಗೆ ಬಂದಿಳಿಯಿತು. ಸುಮಾರು 14,000 ಕಿ.ಮೀ.ಗಳ ಆ ದಾರಿಗೆ ಹಿಡಿದದ್ದು 17 ಗಂಟೆಗಳಷ್ಟು. ಅದನ್ನು ನಡೆಸಿದ ಪೈಲಟ್‌ಗಳೆಲ್ಲರೂ ಮಹಿಳೆಯರು.

ಭೂಮಿಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಒಂದೇ ದಿನದಲ್ಲಿ ತಲುಪುವ ಸೌಕರ್ಯವನ್ನು ಅಲ್ಲಾಹನು ನಮಗೆ ಒದಗಿಸಿದ್ದಾನೆ. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿ, ಮನುಷ್ಯನು ಬಹಳ ಕಷ್ಟಪಡದೆ ತಲುಪಲಾಗದ ಊರುಗಳಿಗೆ ಅವನ ಹೊರೆಯನ್ನು ಹೊತ್ತೊಯ್ಯುವ ಪ್ರಾಣಿಗಳನ್ನು ಅಲ್ಲಾಹನು ತನ್ನ ಅನುಗ್ರಹವಾಗಿ ಎಣಿಸಿದ್ದಾನೆ. ಮನುಷ್ಯರಿಗೆ ತಿಳಿಯದಿರುವ ಇನ್ನೂ ಎಷ್ಟನ್ನೋ ತಾನು ಸೃಷ್ಟಿಸುತ್ತಿರುವೆನೆಂದೂ ಅಲ್ಲಿಯೇ ತಿಳಿಸಿದ್ದಾನೆ. ಒಂಟೆಯು ಅನುಗ್ರಹವಾದರೆ ವಿಮಾನವೂ ಅನುಗ್ರಹವೇ. ಆದರೆ ಪ್ರತಿಯೊಂದು ಅನುಗ್ರಹದ ಹಿಂದೆ ಒಂದು ವಿಚಾರಣೆಯೂ ಇದೆ ಎಂಬುದನ್ನು ಸತ್ಯವಿಶ್ವಾಸಿಯು ಮರೆಯುವಂತಿಲ್ಲ. ದಾರಿ ಹತ್ತಿರವಾದಾಗ ನಮ್ಮ ಹೊಣೆ ಹಗುರವಾಗುತ್ತದೆಯೇ, ಹೆಚ್ಚುತ್ತದೆಯೇ? ಇಂದು ನಿಮ್ಮೊಡನೆ ಕುಳಿತು ಯೋಚಿಸಬೇಕೆಂದಿರುವುದು ಈ ಒಂದು ಪ್ರಶ್ನೆಯನ್ನು.

ಖಾಲಾ ಕೇಳಿದ ದೂರ

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಪರರಿಗೆ ಬುದ್ಧಿ ಹೇಳುವ ಮುನ್ನ ತನ್ನನ್ನು ತೂಗಿ ನೋಡುವುದು ಒಳ್ಳೆಯದು.

ನಾನು ಕೆಂಗೇರಿಯ ನಿವಾಸಿ. ಕೆಲವು ವರ್ಷಗಳ ಹಿಂದೆ ಉಮ್ರಾಕ್ಕೆ ಹೊರಟೆ. ಟಿಕೆಟು ಕೈಗೆ ಬಂದ ದಿನದಿಂದ ಮನೆಯಲ್ಲಿ ಲೆಕ್ಕಾಚಾರವೋ ಲೆಕ್ಕಾಚಾರ. ಜಿದ್ದಾಕ್ಕೆ ಎಷ್ಟು ಗಂಟೆ, ಅಲ್ಲಿಂದ ಮಕ್ಕಾಕ್ಕೆ ಎಷ್ಟು, ಕೆಂಗೇರಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಎಷ್ಟು ಮುಂಚೆ ಹೊರಡಬೇಕು, ಹೀಗೆ. 2008ರ ಮೇ ತಿಂಗಳಲ್ಲಿ ಆ ನಿಲ್ದಾಣ ತೆರೆದಂದಿನಿಂದ ನಗರದ ಪಶ್ಚಿಮ ಭಾಗದವರಾದ ನಮಗೆ ಈ ಕೊನೆಯ ಲೆಕ್ಕವೇ ದೊಡ್ಡದು. 50 ಕಿ.ಮೀ.ಗಳ ಆಸುಪಾಸಿನ ರಸ್ತೆ, ವಾಹನಗಳ ದಟ್ಟಣೆ ಇದ್ದರೆ ಎರಡು ಗಂಟೆಗೂ ಮಿಕ್ಕ ಪ್ರಯಾಣ. ಆಕಾಶದಲ್ಲಿ 1,500 ಕಿ.ಮೀ. ಕ್ರಮಿಸುವಷ್ಟು ಹೊತ್ತು ನಾವು ಊರೊಳಗೇ ಕಳೆಯುತ್ತೇವೆ.

ಹೊರಡುವ ಹಿಂದಿನ ದಿನ, ವಾಡಿಕೆಯಂತೆ ಬಂಧುಗಳಲ್ಲಿ ಕ್ಷಮೆ ಕೇಳಿ ಬೀಳ್ಕೊಳ್ಳಲು ಹೋದೆ. ಬಸವೇಶ್ವರನಗರದಲ್ಲಿ ನನ್ನ ಖಾಲಾ ಇದ್ದಾರೆ. ವಿಧವೆ, ಮಂಡಿ ನೋವು, ಮಕ್ಕಳಿಬ್ಬರೂ ಹೊರಗಿನ ಊರುಗಳಲ್ಲಿ. ಅವರು ನನ್ನ ತಲೆ ನೇವರಿಸಿ, ದುಆ ಮಾಡಿ, ಚಹಾ ತರಿಸಿ, ಆ ಮೇಲೆ ಕೇಳಿದರು: "ಬೇಟಾ, ಕೆಂಗೇರಿಯಿಂದ ಇಲ್ಲಿಗೆ ಎಷ್ಟು ದೂರ ಆಗುತ್ತೆ?"

ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಹತ್ತಿರವೇ ಆದರೆ ಆಟೋ ಮಾಡಿಕೊಂಡು, ನಾನು ಹೊರಡುವ ಹೊತ್ತಿಗೆ ತಾವೇ ಬಂದು ಬೀಳ್ಕೊಡಬಹುದೇ ಎಂದು ಅವರು ಕೇಳಿದ್ದಷ್ಟೆ. "12-13 ಕಿಲೋಮೀಟರ್ ಖಾಲಾ" ಎಂದೆ. ಹೇಳಿದೊಡನೆ ನನ್ನ ಬಾಯಿ ಕಟ್ಟಿತು. ಆ ಮನೆಯ ಹೊಸ್ತಿಲು ತುಳಿದು ನನಗೆ ಹನ್ನೊಂದು ತಿಂಗಳಾಗಿತ್ತು. ನಾಲ್ಕು ಸಾವಿರ ಕಿಲೋಮೀಟರಿಗೆ ಸಿದ್ಧನಾದವನಿಗೆ ಹನ್ನೆರಡು ಕಿಲೋಮೀಟರು ದೂರವಾಗಿತ್ತು.

ಓದುಗರೇ, ನಿಮ್ಮ ಮನೆಯಿಂದಲೂ ಇಂತಹ ಒಂದು ಹನ್ನೆರಡು ಕಿಲೋಮೀಟರು ಎಲ್ಲಿಗಾದರೂ ಇದೆಯೇ, ಒಮ್ಮೆ ನೆನಪು ಮಾಡಿಕೊಳ್ಳಿ.

ದಾರಿ ಉದ್ದವಾಗಿದ್ದ ಕಾಲ

ನಮ್ಮ ಅಜ್ಜಂದಿರ ಕಾಲದಲ್ಲಿ ಹಜ್ಜ್ ಎಂದರೆ ಮೊದಲು ಬೊಂಬಾಯಿ. ರೈಲಿನಲ್ಲಿ ಅಲ್ಲಿಗೆ ಹೋಗಿ, ಸಾಬೂ ಸಿದ್ದೀಕ್ ಮುಸಾಫಿರ್‌ಖಾನಾದಂತಹ ತಂಗುದಾಣಗಳಲ್ಲಿ ದಿನಗಟ್ಟಲೆ ಕಾದು, ಹಡಗು ಹತ್ತಿ, ಮತ್ತೆ ಎಷ್ಟೋ ದಿನ ಸಮುದ್ರದ ಮೇಲೆ ಕಳೆದು ಜಿದ್ದಾ ಸೇರುತ್ತಿದ್ದರು. ಭಾರತದಿಂದ ಹಜ್ಜ್ ಯಾತ್ರಿಕರ ಹಡಗು ಪ್ರಯಾಣ ನಿಂತದ್ದು 1995ರಲ್ಲಿ. ಹೋದವರು ಹಿಂದಿರುಗುವ ಖಾತ್ರಿ ಇಲ್ಲದ್ದರಿಂದ ಹೊರಡುವ ಮುನ್ನ ಸಾಲ ತೀರಿಸುತ್ತಿದ್ದರು, ಉಯಿಲು ಬರೆಯುತ್ತಿದ್ದರು. ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು. ದಾರಿಯ ಉದ್ದವೇ ಅವರ ಮನಸ್ಸನ್ನು ತೊಳೆಯುತ್ತಿತ್ತು. ಇಂದು ಹದಿನೈದು ದಿನಗಳಲ್ಲಿ ಉಮ್ರಾ ಮುಗಿಸಿ ಬರುತ್ತೇವೆ. ಕ್ಷಮೆ ಕೇಳುವ ಆ ಪದ್ಧತಿ ಉಳಿದಿದೆ ನಿಜ, ಆದರೆ ಅನೇಕರಲ್ಲಿ ಅದು ಫೋನಿನಲ್ಲಿ ಎಲ್ಲರಿಗೂ ಒಟ್ಟಿಗೆ ಕಳುಹಿಸುವ ಒಂದು ಸಂದೇಶವಾಗಿ ಮುಗಿದುಹೋಗುತ್ತದೆ.

ಹಿಂದಿನ ಕಾಲದ ದೂರ ಎಂತಹುದೆಂದು ತಿಳಿಯಲು ಇಬ್ನು ಬತೂತಾರನ್ನು ನೆನೆಯಬೇಕು. ಮೊರಾಕ್ಕೊದ ಟ್ಯಾಂಜಿಯರ್ ಪಟ್ಟಣದ ಈ ಪ್ರವಾಸಿ ನಮ್ಮ ಕರಾವಳಿಗೂ ಬಂದಿದ್ದರು. 1340ರ ದಶಕದಲ್ಲಿ ಹೊನ್ನಾವರದಲ್ಲಿ ತಂಗಿದ್ದರು, ಮಂಗಳೂರನ್ನೂ ಕಂಡಿದ್ದರು. ಹೊನ್ನಾವರದ ಸ್ತ್ರೀಯರು ಕುರ್‌ಆನನ್ನು ಕಂಠಪಾಠ ಮಾಡಿದ್ದುದನ್ನು ಮೆಚ್ಚಿ ಬರೆದಿದ್ದಾರೆ. ಅವರು 1325ರಲ್ಲಿ ಹಜ್ಜ್ ಯಾತ್ರೆಗೆಂದು ಮನೆ ಬಿಟ್ಟಾಗ ವಯಸ್ಸು 21, ತಾಯಿ ತಂದೆ ಇಬ್ಬರೂ ಬದುಕಿದ್ದರು. ಅವರು ಮರಳಿ ತಾಯ್ನಾಡನ್ನು ಕಂಡದ್ದು 1349ರಲ್ಲಿ. ದಾರಿಯಲ್ಲಿ, 1348ರಲ್ಲಿ, ದಮಾಸ್ಕಸ್ ನಗರದಲ್ಲಿ ಊರಿನವರೊಬ್ಬರು ಸಿಕ್ಕು, ನಿಮ್ಮ ತಂದೆ ತೀರಿಕೊಂಡರೆಂದು ತಿಳಿಸಿದರು. ತೀರಿಕೊಂಡು ಆಗಲೇ 15 ವರ್ಷಗಳಾಗಿದ್ದುವು! ಇನ್ನೇನು ಊರು ತಲುಪಬೇಕೆನ್ನುವಾಗ ತಾಯಿಯೂ ಪ್ಲೇಗಿನಿಂದ ಮರಣ ಹೊಂದಿದ ಸುದ್ದಿ ಸಿಕ್ಕಿತು. ಲೋಕವನ್ನೆಲ್ಲ ಸುತ್ತಿದ ಆ ಮಗನಿಗೆ ದೊರೆತದ್ದು ತಾಯಿಯ ಗೋರಿಯನ್ನು ಸಂದರ್ಶಿಸುವ ಅವಕಾಶ ಮಾತ್ರ.

ತಂದೆಯ ಸಾವಿನ ಸುದ್ದಿ ಮಗನನ್ನು ಮುಟ್ಟಲು ಹದಿನೈದು ವರ್ಷ ಬೇಕಾಗಿದ್ದ ಕಾಲವದು. ಅವರಿಗೆ ದೂರ ಎಂಬ ನೆಪವು ನೆಪವಾಗಿರಲಿಲ್ಲ, ನಿಜವಾಗಿತ್ತು. ನಮಗೆ ಸುದ್ದಿ ಮುಟ್ಟಲು ಹದಿನೈದು ಕ್ಷಣ ಸಾಕು, ಮನೆ ಮುಟ್ಟಲು ಒಂದು ದಿನ ಸಾಕು. ಹಾಗಾದರೆ ದೂರ ಎಂದು ಹೇಳುವಾಗ ನಾವು ಹೇಳುತ್ತಿರುವುದು ಏನನ್ನು?

ನಾಲ್ಕು ರಕಅತ್ ಎರಡಾಗುವುದು

ಪ್ರಯಾಣಿಕನಿಗೆ ಇಸ್ಲಾಮ್ ಕೊಟ್ಟ ರಿಯಾಯಿತಿಗಳನ್ನು ನೀವು ಬಲ್ಲಿರಿ. ಝುಹರ್, ಅಸರ್ ಮತ್ತು ಇಶಾದ ನಾಲ್ಕು ರಕಅತ್‌ಗಳು ಪ್ರಯಾಣದಲ್ಲಿ ಎರಡಾಗುತ್ತವೆ. ಇದೇ ಕಸ್ರ್. ರಮಝಾನಿನ ಉಪವಾಸವನ್ನು ಬಿಟ್ಟು ಬೇರೆ ದಿನಗಳಲ್ಲಿ ಪೂರ್ತಿ ಮಾಡುವ ಅನುಮತಿಯೂ ಇದೆ. ಹನಫೀ ವಿದ್ವಾಂಸರು ಈ ದೂರವನ್ನು ಮೂರು ದಿನಗಳ ನಡಿಗೆಯಿಂದ ಅಳೆದರು, ಶಾಫಿಈ ವಿದ್ವಾಂಸರು ಎರಡು ದಿನಗಳ ಪ್ರಯಾಣದಿಂದ ಅಳೆದರು. ಇಂದಿನ ಕಿಲೋಮೀಟರ್ ಲೆಕ್ಕದಲ್ಲಿ ಅಭಿಪ್ರಾಯಭೇದವಿದ್ದರೂ 80 ಅಥವಾ 90ರ ಆಸುಪಾಸಿನ ಸಂಖ್ಯೆಗಳನ್ನು ಹೆಚ್ಚಾಗಿ ಕೇಳುತ್ತೇವೆ.

ಇಲ್ಲಿ ನಮ್ಮ ಯುವಕರು ಒಂದು ಪ್ರಶ್ನೆ ಎತ್ತುತ್ತಾರೆ. ಒಂಟೆಯ ಮೇಲೆ ಮರುಭೂಮಿ ದಾಟುವವನಿಗೆ ರಿಯಾಯಿತಿ ಬೇಕಾಗಿತ್ತು, ಸರಿ. ತಂಪಾದ ಗಾಳಿಯಲ್ಲಿ, ಮೆತ್ತನೆಯ ಆಸನದಲ್ಲಿ ಕುಳಿತು ನಾಲ್ಕೇ ಗಂಟೆಯಲ್ಲಿ ದುಬೈ ತಲುಪುವವನಿಗೆ ಅದೇಕೆ?

ಈ ಪ್ರಶ್ನೆ ಹೊಸದೇನಲ್ಲ. ಅನ್ನಿಸಾ ಅಧ್ಯಾಯದ 101ನೆಯ ಸೂಕ್ತದಲ್ಲಿ ಕಸ್ರ್‌ನ ಜೊತೆಗೆ ಶತ್ರುಭಯದ ಪ್ರಸ್ತಾಪವಿದೆ. ಭಯ ತೊಲಗಿ ಜನರು ನಿಶ್ಚಿಂತರಾದ ಮೇಲೂ ಕಸ್ರ್ ಏಕೆಂದು ಯಅ್‌ಲಾ ಬಿನ್ ಉಮಯ್ಯಾ(ರ) ಅವರು ಹ. ಉಮರ್(ರ)ರಲ್ಲಿ ಕೇಳಿದರು. ತನಗೂ ಇದೇ ಅಚ್ಚರಿಯಾಗಿತ್ತೆಂದೂ, ಪ್ರವಾದಿವರ್ಯರನ್ನು(ಸ) ಕೇಳಿದಾಗ ಇದು ಅಲ್ಲಾಹನು ನೀಡಿದ ದಾನ, ಅದನ್ನು ಸ್ವೀಕರಿಸಬೇಕೆಂದು ತಿಳಿಸಿದರೆಂದೂ ಉಮರ್(ರ) ಉತ್ತರಿಸಿದರು. ಇಮಾಮ್ ಮುಸ್ಲಿಮ್ ಈ ಹದೀಸನ್ನು ಉಲ್ಲೇಖಿಸಿದ್ದಾರೆ. ಅಂದರೆ ಈ ರಿಯಾಯಿತಿಯು ನಮ್ಮ ಆಯಾಸಕ್ಕೆ ಕೊಟ್ಟ ಕೂಲಿಯಲ್ಲ. ದಾನಿಯ ಔದಾರ್ಯ. ದಾರಿ ಸುಖಕರವಾಯಿತೆಂದು ಅವನು ತನ್ನ ದಾನವನ್ನು ಹಿಂದಕ್ಕೆ ಪಡೆಯಲಿಲ್ಲ.

ಈಗ ಇದರ ಇನ್ನೊಂದು ಮಗ್ಗುಲನ್ನು ನೋಡಿ. ಅಲ್ಲಾಹನು ಹಗುರಗೊಳಿಸಿದ್ದು ಯಾವುದನ್ನು? ತನ್ನ ಹಕ್ಕನ್ನು. ತನಗೆ ಸಲ್ಲಬೇಕಾದ ನಾಲ್ಕು ರಕಅತ್‌ಗಳನ್ನು ಅವನು ಎರಡು ಮಾಡಿದನು. ಆದರೆ ದಾಸರ ಹಕ್ಕುಗಳನ್ನು ಎಲ್ಲಿಯಾದರೂ ಅರ್ಧ ಮಾಡಿದನೇ? ನೀವು ಅಂಗಡಿಯವರಿಗೆ ನಾಲ್ಕು ಸಾವಿರ ರೂಪಾಯಿ ಕೊಡಬೇಕಿದ್ದರೆ, ಜಿದ್ದಾ ತಲುಪಿದೊಡನೆ ಅದು ಎರಡು ಸಾವಿರವಾಗುತ್ತದೆಯೇ? ಖಂಡಿತ ಇಲ್ಲ. ಸಾಲದ ವಿಷಯವಂತೂ ಎಷ್ಟು ಗಂಭೀರವೆಂದರೆ, ಹುತಾತ್ಮನಿಗೂ ಸಾಲದ ಹೊರತು ಉಳಿದೆಲ್ಲವೂ ಕ್ಷಮಿಸಲ್ಪಡುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹಾಗೆಯೇ ತಾಯಿಯ ಹಕ್ಕು, ಪತ್ನಿಯ ಹಕ್ಕು, ಮಕ್ಕಳ ಹಕ್ಕು, ಬಂಧುಗಳ ಹಕ್ಕು. ಇವುಗಳಿಗೆ ಕಸ್ರ್ ಇಲ್ಲ. ನಾವಾದರೋ ಅಲ್ಲಾಹನು ಹಗುರಗೊಳಿಸಿದ್ದರ ಬಗ್ಗೆ ಇಷ್ಟು ಸುಖದಲ್ಲಿ ಇದು ಸರಿಯೇ ಎಂದು ಶಂಕಿಸುತ್ತೇವೆ, ಅವನು ಹಗುರಗೊಳಿಸದೇ ಇದ್ದುದನ್ನು ದೂರದ ನೆಪ ಹೇಳಿ ನಾವೇ ಹಗುರ ಮಾಡಿಕೊಳ್ಳುತ್ತೇವೆ.

ರಮಝಾನಿನಲ್ಲಿ ಪಡುವಣ ದಿಕ್ಕಿಗೆ ವಿಮಾನ ಹತ್ತಿದವರಿಗೆ ಒಂದು ಅನುಭವವಾಗುತ್ತದೆ. ಮಧ್ಯಾಹ್ನ 2 ಗಂಟೆಗೆ ಬೆಂಗಳೂರಿನಿಂದ ಜಿದ್ದಾಕ್ಕೆ ಹೊರಟಿರೆಂದುಕೊಳ್ಳಿ. ಉಪವಾಸವಿದ್ದೀರಿ. ಕೈಗಡಿಯಾರದಲ್ಲಿ ಆರೂವರೆಯಾಯಿತು, ಮನೆಯಲ್ಲಿ ಇಫ್ತಾರ್ ನಡೆದಿದೆ. ಆದರೆ ಕಿಟಕಿಯ ಹೊರಗೆ ಸೂರ್ಯ ಹೊಳೆಯುತ್ತಿದ್ದಾನೆ, ಏಕೆಂದರೆ ಜಿದ್ದಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ವಿಮಾನ ಇಳಿದಾಗಲೂ ಅಲ್ಲಿ ಸಂಜೆ ಐದೇ ಗಂಟೆ, ಮಗ್ರಿಬ್ ಇನ್ನೂ ಆಗಿರುವುದಿಲ್ಲ. ನೀವಿರುವಲ್ಲಿ ಸೂರ್ಯ ಮುಳುಗಿದಾಗಲೇ ಇಫ್ತಾರ್ ಎಂದು ವಿದ್ವಾಂಸರು ಹೇಳುತ್ತಾರೆ. ಕೈಯಲ್ಲಿರುವ ಗಡಿಯಾರ ನಮ್ಮದೇ, ಆದರೆ ಕರ್ತವ್ಯದ ಹೊತ್ತನ್ನು ಗೊತ್ತುಪಡಿಸುವವನು ಬೇರೆ. ಬಂಧುಗಳ ವಿಷಯದಲ್ಲಿ ಮಾತ್ರ ನಾವು ನಮ್ಮ ಗಡಿಯಾರವನ್ನೇ ನೋಡುತ್ತೇವೆ. ನಮಗೆ ಬಿಡುವಾದಾಗ ಅವರ ಹಕ್ಕಿನ ಹೊತ್ತು!

ಹಾಗಾದರೆ ದೂರ ಹೋಗುವುದೇ ತಪ್ಪೇ?

ಗಲ್ಫ್ ರಾಷ್ಟ್ರಗಳಲ್ಲಿ ಬೆವರು ಸುರಿಸುತ್ತಿರುವ ಸಹೋದರರು ಇದನ್ನು ಓದಿ ನೊಂದುಕೊಳ್ಳಬಾರದು. ಜೀವನೋಪಾಯಕ್ಕಾಗಿ ಭೂಮಿಯಲ್ಲಿ ಸಂಚರಿಸುವವರನ್ನು ಕುರ್‌ಆನ್ ಅಲ್ಮುಝ್ಝಮ್ಮಿಲ್ ಅಧ್ಯಾಯದ ಕೊನೆಯಲ್ಲಿ, ಅಲ್ಲಾಹನ ಮಾರ್ಗದಲ್ಲಿ ಹೋರಾಡುವವರ ಜೊತೆಯಲ್ಲೇ ಸ್ಮರಿಸಿದೆ. ಮಗನು ದೂರದಲ್ಲಿ ದುಡಿದು ತಾಯಿಯ ಔಷಧಿಗೆ, ತಂಗಿಯ ಓದಿಗೆ ಹಣ ಕಳುಹಿಸುವುದಾದರೆ ಅವನ ದೂರವೇ ಒಂದು ಸೇವೆ. ಎರಡು ವರ್ಷಕ್ಕೊಮ್ಮೆ ರಜೆ ಸಿಗುವ ಕಾರ್ಮಿಕನಿಗೆ 2,700 ಕಿ.ಮೀ. ನಿಜವಾಗಿಯೂ ದೂರ. ವಿಮಾನ 4 ಗಂಟೆಯಲ್ಲಿ ತಲುಪಿದರೇನು, ಟಿಕೆಟಿನ ಹಣ ಕೂಡಿಸಲು ಅವನಿಗೆ ತಿಂಗಳುಗಳು ಬೇಕು. ಅಲ್ಲಾಹನು ಯಾವ ಜೀವಿಗೂ ಅದರ ಸಾಮರ್ಥ್ಯಕ್ಕೆ ಮೀರಿದ ಹೊರೆ ಹೊರಿಸುವುದಿಲ್ಲ.

ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಶರೀಅತ್ ಹೊಣೆಯನ್ನು ಅಳೆಯುವ ಅಳತೆಗೋಲು ಸಾಮರ್ಥ್ಯ. ಹಜ್ಜ್ ಕಡ್ಡಾಯವಾಗುವುದು ಮಕ್ಕಾ ಹತ್ತಿರವಿರುವವರಿಗಲ್ಲ, ಅಲ್ಲಿಗೆ ತಲುಪುವ ಸಾಮರ್ಥ್ಯ ಉಳ್ಳವರಿಗೆ. ಮಕ್ಕಾದ ಪಕ್ಕದ ಹಳ್ಳಿಯಲ್ಲಿ ಹಾಸಿಗೆ ಹಿಡಿದವನಿಗೆ ಹೋಗಲಾಗದಿರಬಹುದು, ಸಾವಿರಾರು ಮೈಲಿ ದೂರದ ಬೆಂಗಳೂರಿನ ಅನುಕೂಲಸ್ಥನಿಗೆ ಅದು ಕಡ್ಡಾಯ. ದಾರಿ ಸುಲಭವಾದಷ್ಟೂ ಅದು ಹೆಚ್ಚು ಜನರ ಮೇಲೆ ಕಡ್ಡಾಯವಾಯಿತು. ಬಂಧುತ್ವದ ವಿಷಯವೂ ಹೀಗೆಯೇ. ಇಬ್ನು ಬತೂತಾರ ಕಾಲದಲ್ಲಿ ಕ್ಷಮೆಗೆ ಅರ್ಹವಾಗಿದ್ದ ಎಷ್ಟೋ ಗೈರುಹಾಜರಿಗಳು ಇಂದು ಕ್ಷಮೆಗೆ ಅರ್ಹವಲ್ಲ. ವಿಮಾನವು ನಮಗೆ ಸಮಯವನ್ನು ಉಳಿಸಿಕೊಟ್ಟಿತು. ಜೊತೆಗೆ ನಮ್ಮ ನೆಪಗಳನ್ನೂ ಕಿತ್ತುಕೊಂಡಿತು.

ಫೋನು ಇದೆಯಲ್ಲ, ಮುಖ ನೋಡಿಯೇ ಮಾತಾಡಬಹುದಲ್ಲ ಎನ್ನುವಿರಿ. ಹೌದು, ಅದೂ ಒಳ್ಳೆಯದೇ. ದೂರದಲ್ಲಿರುವವರು ದಿನಕ್ಕೊಮ್ಮೆ ಸಲಾಮ್ ಹೇಳಲಿ. ಆದರೆ ಮಂಡಿ ನೋವಿನ ಮುದುಕಿಯನ್ನು ಫೋನು ಆಸ್ಪತ್ರೆಯ ಮೆಟ್ಟಿಲು ಹತ್ತಿಸಲಾರದು. ಹ. ಜಾಬಿರ್ ಬಿನ್ ಅಬ್ದುಲ್ಲಾ(ರ) ಅವರು ಒಂದೇ ಒಂದು ಹದೀಸನ್ನು ಅಬ್ದುಲ್ಲಾ ಬಿನ್ ಉನೈಸ್(ರ)ರ ಬಾಯಿಯಿಂದಲೇ ಕೇಳಲು ಒಂಟೆಯೊಂದನ್ನು ಕೊಂಡು, ಒಂದು ತಿಂಗಳು ಪ್ರಯಾಣ ಮಾಡಿ ಶಾಮ್ ದೇಶಕ್ಕೆ ಹೋದರು. ಮದೀನಾದಿಂದ ದಮಾಸ್ಕಸ್‌ಗೆ ನೇರ ಅಳತೆ ಸುಮಾರು 1,050 ಕಿ.ಮೀ., ಇಂದಿನ ವಿಮಾನಕ್ಕೆ ಒಂದೂವರೆ ಗಂಟೆಯ ಕೆಲಸ. ಇನ್ನೊಬ್ಬರ ಕೈಯಲ್ಲಿ ಕೇಳಿ ಕಳುಹಿಸಬಹುದಿತ್ತು. ಆದರೆ ಕೆಲವು ವಿಷಯಗಳಿಗೆ ಮನುಷ್ಯನು ತಾನೇ ಹೋಗಬೇಕೆಂದು ಅವರು ತಿಳಿದಿದ್ದರು. ಇನ್ನೊಂದು ಹದೀಸಿನಲ್ಲಿ, ಬೇರೆ ಊರಿನಲ್ಲಿದ್ದ ತನ್ನ ಸಹೋದರನನ್ನು ನೋಡಲು ಹೊರಟ ಒಬ್ಬನ ವಿಷಯ ಬರುತ್ತದೆ. ಅವನಿಂದ ಏನಾದರೂ ಲಾಭವಿದೆಯೇ ಎಂದು ದಾರಿಯಲ್ಲಿ ಮಲಕ್ ಒಬ್ಬರು ವಿಚಾರಿಸಿದಾಗ, ಇಲ್ಲ, ಅಲ್ಲಾಹನಿಗಾಗಿ ಅವನನ್ನು ಪ್ರೀತಿಸುತ್ತೇನೆ, ಅಷ್ಟೇ ಎಂದನು. ಅಲ್ಲಾಹನೂ ಅವನನ್ನು ಪ್ರೀತಿಸುವನೆಂಬ ಶುಭವಾರ್ತೆ ಅವನಿಗೆ ದೊರೆಯಿತು. ಆ ಊರು ಎಷ್ಟು ದೂರವೆಂದು ಹದೀಸಿನಲ್ಲಿ ಇಲ್ಲ. ಹೊರಟ ಕಾರಣವೊಂದೇ ಇದೆ.

ಹತ್ತಿರದ ಬಾಗಿಲು

ನನ್ನ ಕಥೆಯ ಉಳಿದ ಭಾಗವನ್ನು ಹೇಳುತ್ತೇನೆ. ನಾನು ಮಕ್ಕಾದಲ್ಲಿದ್ದಾಗ ಒಂದು ರಾತ್ರಿ ಖಾಲಾರಿಗೆ ಎದೆಯಲ್ಲಿ ಸಂಕಟವಾಯಿತು. ಅವರು ಗೋಡೆ ತಟ್ಟಿದರು. ಪಕ್ಕದ ಮನೆಯವರು ನಮ್ಮ ಧರ್ಮದವರಲ್ಲ. ಆ ಮನೆಯ ಯಜಮಾನರು, ಅವರ ಮಡದಿ ಎದ್ದು ಬಂದು, ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿ, ಬೆಳಗಾಗುವವರೆಗೂ ಅಲ್ಲೇ ಕುಳಿತಿದ್ದರು. ಅಲ್ಲಾಹನ ಕೃಪೆಯಿಂದ ಖಾಲಾ ಚೇತರಿಸಿಕೊಂಡರು. ನಾನು ಖರ್ಜೂರ, ಝಮ್‌ಝಮ್ ಹಿಡಿದು ಹೋದಾಗ ವಿಷಯ ತಿಳಿಯಿತು. ಅಂದು ನಾನು ನಾಲ್ಕು ಸಾವಿರ ಕಿಲೋಮೀಟರ್ ದೂರದಲ್ಲಿದ್ದೆ ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಕೆಂಗೇರಿಯಲ್ಲಿದ್ದ ಆ ಹನ್ನೊಂದು ತಿಂಗಳೂ ನಾನು ಅಷ್ಟೇ ದೂರದಲ್ಲಿದ್ದೆನಲ್ಲ!

ತನಗೆ ಇಬ್ಬರು ನೆರೆಯವರಿದ್ದಾರೆ, ಯಾರಿಗೆ ಉಡುಗೊರೆ ಕಳುಹಿಸಲಿ ಎಂದು ಹ. ಆಯಿಶಾ(ರ) ಕೇಳಿದಾಗ, ಯಾರ ಬಾಗಿಲು ನಿನಗೆ ಹೆಚ್ಚು ಹತ್ತಿರವೋ ಅವರಿಗೆ ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಬುಖಾರಿಯ ಈ ಹದೀಸಿನಲ್ಲಿ ದೂರದ ಅಳತೆ ಬಾಗಿಲಿನಿಂದ ಬಾಗಿಲಿಗೆ. ನೆರೆಯವರ ಈ ಹಕ್ಕಿಗೆ ಧರ್ಮದ ಭೇದವಿಲ್ಲ. ಆ ರಾತ್ರಿ ನಮ್ಮ ನೆರೆಯವರು ಅದನ್ನು ನಮಗಿಂತ ಚೆನ್ನಾಗಿ ಪಾಲಿಸಿದರು. ಝಮ್‌ಝಮ್‌ನ ಸೀಸೆಯೊಂದನ್ನೂ ಖರ್ಜೂರದ ಪೊಟ್ಟಣವನ್ನೂ ಮೊದಲು ಆ ಬಾಗಿಲಿಗೆ ಕೊಟ್ಟು ಬಂದೆ.

2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಗೂ ಬಂದಿತು. ವಿಜಯನಗರಕ್ಕೆ ಅರ್ಧ ಗಂಟೆಯೊಳಗೆ ತಲುಪಬಹುದು, ಅಲ್ಲಿಂದ ಬಸವೇಶ್ವರನಗರ ಬಸ್ಸಿನ ದಾರಿ. ಈಗ ತಿಂಗಳಿಗೆ ಎರಡು ಭಾನುವಾರ ಹೋಗುತ್ತೇನೆ. ಇದನ್ನು ಹೊಗಳಿಕೊಳ್ಳಲು ಹೇಳುತ್ತಿಲ್ಲ. ತಪ್ಪಿಸಿದ ಹನ್ನೊಂದು ತಿಂಗಳು ಇನ್ನೂ ನನ್ನ ಲೆಕ್ಕದಲ್ಲೇ ಇದೆ. ಬಂಧುಗಳು ನಮ್ಮನ್ನು ನೋಡಲು ಬಂದರೆ ನಾವೂ ಹೋಗುವುದು ಬರೀ ಕೊಡುಕೊಳ್ಳುವ ವ್ಯವಹಾರ. ಸಂಬಂಧ ಕಡಿದವರೊಡನೆಯೂ ಅದನ್ನು ಜೋಡಿಸುವವನೇ ನಿಜವಾಗಿ ಸಂಬಂಧ ಜೋಡಿಸುವವನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಆದ್ದರಿಂದ ಓದುಗರೇ, ಮುಂದಿನ ಬಾರಿ ನೀವು ಟಿಕೆಟು ತೆಗೆಸುವಾಗ ದೂರವನ್ನೂ ಗಂಟೆಯನ್ನೂ ಕೇಳಿಕೊಳ್ಳಿ, ತಪ್ಪೇನಿಲ್ಲ. ಜೊತೆಗೆ ಒಂದು ಕಾಗದದಲ್ಲಿ ಇನ್ನೊಂದು ಪಟ್ಟಿ ಮಾಡಿ. ತಾಯಿಯ ಮನೆಗೆ ಎಷ್ಟು ದೂರ, ಹೋಗಿ ಎಷ್ಟು ದಿನವಾಯಿತು? ಮಾತು ಬಿಟ್ಟ ತಮ್ಮನ ಮನೆಗೆ ಎಷ್ಟು ದೂರ, ಹೋಗಿ ಎಷ್ಟು ವರ್ಷವಾಯಿತು? ಪಕ್ಕದ ಬಾಗಿಲಿಗೆ ಎಷ್ಟು ಹೆಜ್ಜೆ, ಅದನ್ನು ತಟ್ಟಿ ಎಷ್ಟು ಕಾಲವಾಯಿತು? ನಾಳೆ ನಮ್ಮನ್ನು ವಿಚಾರಿಸುವಾಗ ಮೊದಲಿನ ಪಟ್ಟಿಗಿಂತ ಈ ಎರಡನೆಯ ಪಟ್ಟಿಯೇ ಮುಂದಿರಬಹುದು.

ಹತ್ತಿರ ಮಾಡಿಕೊಟ್ಟ ದಾರಿಗಳಲ್ಲಿ ನಮ್ಮವರ ಬಳಿಗೆ ನಡೆಯುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.